ಬ್ರೇಕ್ ಮೀಮಾಂಸೆ

ಶಾಸ್ತ್ರ ಬರೆಯಲು ಕೂತವನು ಮೊದಲು ನಾಲ್ಕು ಲೆಕ್ಕ ಒಪ್ಪಿಸಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಒಪ್ಪಿಸುತ್ತೇವೆ. ವಿಷಯ: ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಸ್ಪೋರ್ಟ್ಸ್ ಕಾರಿಗೆ ಎಂಥ ಬ್ರೇಕ್ ಸಾಮಾನು ಹಾಕಿಸಬೇಕು ಎಂಬುದು. ಪ್ರಯೋಜನ: ನಿಲ್ಲುವುದು. (ಮೋಕ್ಷವೂ ಪ್ರಯೋಜನವೇ, ಆದರೆ ಅದು ಸಾಮಾನು ಸರಿಯಾಗಿ ಆರಿಸದವರಿಗೆ.) ಸಂಬಂಧ: ಕಾರಿಗೂ ಬ್ಯಾಂಕಿಗೂ ಇರುವಂಥದು, ತಿಂಗಳ ಐದನೇ ತಾರೀಕು ವ್ಯಕ್ತವಾಗುವಂಥದು. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಯೋಗ್ಯನಾದವನು. ವಾರವಿಡೀ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮೊದಲ ಗೇರಿನಲ್ಲೇ ತಪಸ್ಸು ಮಾಡಿದವನು, ಶನಿವಾರ ಬೆಳಗಿನ ಜಾವ ಮನೆಯವರಿಗೆ ಎಚ್ಚರವಾಗದಂತೆ ಗೇಟು ತೆಗೆದು, ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ, ಸುಮಾರು 300 ಕಿಲೋಮೀಟರ್ ಆಚೆ ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗುವವನು, ಅಲ್ಲಿ 3.7 ಕಿಲೋಮೀಟರಿನ ಸುತ್ತನ್ನು ಪ್ರದಕ್ಷಿಣೆ ಹಾಕಿ, ಹೊರಟಲ್ಲಿಗೇ ಬಂದು ತಲುಪಿ, ಅದಕ್ಕೆ ದುಡ್ಡನ್ನೂ ಕೊಟ್ಟು ಬರುವವನು. ಇಂಥವನು ವಿರಕ್ತನೆಂಬುದರಲ್ಲಿ ಸಂಶಯವಿಲ್ಲ. ದುಡ್ಡಿನ ಮೇಲಂತೂ ಅವನಿಗೆ ಆಸೆ ಉಳಿದಿರುವುದಿಲ್ಲ.

ದೃಷ್ಟಾಂತಕ್ಕೆ ಒಂದು ವಸ್ತು ಬೇಕು. ನೈಯಾಯಿಕರಿಗೆ ಮಡಕೆ ಸಾಕಾಗಿತ್ತು. ಮಡಕೆಗೆ ಬ್ರೇಕ್ ಇಲ್ಲವಾದ್ದರಿಂದ ನಾವು ಪೋರ್ಷೆ 718 ಕೇಮನ್ ಕಾರನ್ನು ಹಿಡಿದಿದ್ದೇವೆ. ಎಂಜಿನ್ ಸೀಟಿನ ಬೆನ್ನಿಗೆ, ಮುಂದಿನ ಡಿಸ್ಕು 330 ಮಿಲಿಮೀಟರ್, ಹಿಂದಿನದು 299, ಓಡಿಸುವವನೂ ಸೇರಿ ತೂಕ ಅಂದಾಜು 1,450 ಕಿಲೊ. ಇದನ್ನು ಕೊಳ್ಳಲಾಗದವರು ಮನಸ್ಸಿನಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಇಟ್ಟುಕೊಂಡು ಓದಬಹುದು, ಸಿದ್ಧಾಂತಕ್ಕೆ ಕುಂದಿಲ್ಲ. ಗ್ರಂಥಕರ್ತರು ಯಾವ ವರ್ಗಕ್ಕೆ ಸೇರಿದವರೆಂಬುದು ಶಾಸ್ತ್ರಕ್ಕೆ ಅಪ್ರಸ್ತುತ.

ಪರಂಪರೆ

ಡಿಸ್ಕ್ ಬ್ರೇಕಿನ ಆದಿಗುರು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್. 1902ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ತಿರುಗುವ ಲೋಹದ ತಟ್ಟೆಯನ್ನು ತಾಮ್ರದ ಪ್ಯಾಡುಗಳು ಎರಡೂ ಕಡೆಯಿಂದ ಹಿಡಿಯುವ ಏರ್ಪಾಡು. ಲೋಹಕ್ಕೆ ಲೋಹ ಉಜ್ಜಿದಾಗ ಏಳುತ್ತಿದ್ದ ಕಿರುಚಾಟವೇ ಆ ಬ್ರೇಕಿನ ಮೊದಲ ಖ್ಯಾತಿ. ಈ ಸಂಪ್ರದಾಯದಲ್ಲೂ ಶ್ರುತಿ ಮೊದಲು, ಸ್ಮೃತಿ ಆಮೇಲೆ.

ಅದೇ ಕಾಲದಲ್ಲಿ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತನಿದ್ದ. ಆ ಗುಡ್ಡಗಾಡಿನ ರೈತರು ಇಳಿಜಾರಿನಲ್ಲಿ ಗಾಡಿಯ ಗಾಲಿಗೆ ಹಳೆಯ ಬೂಟು ಒತ್ತಿ ವೇಗ ತಡೆಯುವುದನ್ನು ಕಂಡು ಅವನಿಗೆ ಘರ್ಷಣೆಯ ಹುಚ್ಚು ಹತ್ತಿತೆಂದು ಪ್ರತೀತಿ. 1897ರಲ್ಲಿ ಅವನು ಶುರುಮಾಡಿದ ಕಸುಬು ಇವತ್ತಿನ ಫೆರೋಡೊ ಕಂಪನಿ. ಲ್ಯಾಂಚೆಸ್ಟರನ ತಾಮ್ರಕ್ಕೆ ಆಸ್‌ಬೆಸ್ಟಾಸ್ ಹೊದಿಸಿ ಬಾಯಿ ಮುಚ್ಚಿಸಿದವನೂ ಇವನೇ. ಒಟ್ಟಿನಲ್ಲಿ ಬ್ರೇಕ್ ಪ್ಯಾಡಿನ ಮೂಲ ಪಾದರಕ್ಷೆ. ಪಾದುಕೆಗೆ ಪಟ್ಟ ಕಟ್ಟಿ ಹದಿನಾಲ್ಕು ವರ್ಷ ರಾಜ್ಯ ನಡೆಸಿದವರ ನಾಡಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಡ್ರಮ್ ಮತಕ್ಕೂ ಡಿಸ್ಕ್ ಮತಕ್ಕೂ ಬಹಿರಂಗ ವಾದ ನಡೆದದ್ದು 1953ರಲ್ಲಿ, ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ. ಜಾಗ್ವಾರ್ ಕಂಪನಿ ತನ್ನ ಸಿ-ಟೈಪ್ ಕಾರಿಗೆ ಡನ್‌ಲಪ್ ಡಿಸ್ಕ್ ಹಾಕಿಕೊಂಡು ಬಂತು. ಡ್ರಮ್ಮಿನವರು ತಿರುವಿಗೆ ಬಹಳ ಮುಂಚೆಯೇ ಕಾಲು ಒತ್ತಬೇಕು, ಒತ್ತಿ ಒತ್ತಿ ಡ್ರಮ್ ಕಾದು ಉಬ್ಬಿ ಹಿಡಿತ ಬಿಡುತ್ತದೆ. ಡಿಸ್ಕಿನವರು ತಿರುವಿನ ಹತ್ತಿರದವರೆಗೂ ಹೋಗಿ ಆಮೇಲೆ ಒತ್ತುತ್ತಾರೆ. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಆ ರೇಸಿನ ಸರಾಸರಿ ವೇಗ ಮೊದಲ ಬಾರಿಗೆ ಗಂಟೆಗೆ 100 ಮೈಲಿ ದಾಟಿತು. ನಿಲ್ಲುವುದನ್ನು ಕಲಿತವರು ವೇಗವಾಗಿ ಹೋದರು ಎಂಬ ಈ ವಿರೋಧಾಭಾಸವನ್ನು ನಮ್ಮ ಆಲಂಕಾರಿಕರು ಯಾರೂ ಉದಾಹರಣೆಗೆ ತೆಗೆದುಕೊಂಡಿಲ್ಲವೆಂಬುದು ಖೇದಕರ. ಎರಡು ವರ್ಷ ಕಳೆದು ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಗಾಲಿಗಳಿಗೆ ಡಿಸ್ಕ್ ಹೊತ್ತುಕೊಂಡು ಮಾರುಕಟ್ಟೆಗೆ ಬಂತು, ಗೃಹಸ್ಥರಿಗೂ ಡಿಸ್ಕ್ ದೀಕ್ಷೆ ಸಿಕ್ಕಿತು. ಡ್ರಮ್ ಸೋತು ವನವಾಸಕ್ಕೆ ಹೋಯಿತೆಂದು ಎಲ್ಲ ಇತಿಹಾಸಕಾರರೂ ಬರೆಯುತ್ತಾರೆ. ಅದರಲ್ಲಿ ಒಂದು ತೊಡಕಿದೆ, ಮುಂದೆ ಬಿಡಿಸುತ್ತೇವೆ.

ತಾಪವೇ ತತ್ತ್ವ

ಲೌಕಿಕರು ಬ್ರೇಕ್ ಎಂದರೆ ಹಿಡಿತ ಎನ್ನುತ್ತಾರೆ. ಇದು ಅವಿದ್ಯೆ. ಹಿಡಿಯುವುದು ಟೈರು. ಬ್ರೇಕಿನ ಕೆಲಸ ಚಲನೆಯನ್ನು ಬಿಸಿಯಾಗಿ ಮಾರ್ಪಡಿಸುವುದು, ಆ ಬಿಸಿಯನ್ನು ತಾನು ನುಂಗುವುದು, ನುಂಗಿದ್ದನ್ನು ಮುಂದಿನ ತಿರುವಿನೊಳಗೆ ಗಾಳಿಗೆ ಉಗುಳುವುದು. ನಮ್ಮ 1,450 ಕಿಲೊ ದೃಷ್ಟಾಂತ ಗಂಟೆಗೆ 200 ಕಿಲೋಮೀಟರಿನಿಂದ 80ಕ್ಕೆ ಇಳಿಯಿತೆನ್ನಿ. ಟೈರು ಚೆನ್ನಾಗಿದ್ದರೆ ಮೂರೂವರೆ ಸೆಕೆಂಡಿನ ಕೆಲಸ. ಅಷ್ಟರಲ್ಲಿ ಸುಮಾರು 19 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಆರು ಲೀಟರ್ ತಣ್ಣೀರನ್ನು ಕುದಿಸಲು ಇಷ್ಟೇ ಶಕ್ತಿ ಸಾಕು; ಅಂದರೆ ಒಂದು ತಿರುವಿಗೆ ಒಂದು ಮದುವೆ ಮನೆಯ ಬೆಳಗಿನ ಕಾಫಿ. ಗಾಳಿಯೂ ಎಂಜಿನ್ನೂ ಸ್ವಲ್ಪ ಪಾಲು ತೆಗೆದುಕೊಳ್ಳುತ್ತವೆ. ಮಿಕ್ಕಿದ್ದರಲ್ಲಿ ಹೆಚ್ಚಿನದು ಮುಂದಿನ ಎರಡು ಡಿಸ್ಕುಗಳ ಪಾಲಿಗೆ, ಏಕೆಂದರೆ ಬ್ರೇಕ್ ಒತ್ತಿದ ಕೂಡಲೇ ಕಾರಿನ ಭಾರವೆಲ್ಲ ಮೂಗಿನ ಕಡೆ ಬಾಗುತ್ತದೆ. ಒಂದೊಂದು ಸಲ ಒತ್ತಿದಾಗಲೂ ಆ ಕಬ್ಬಿಣ ನೂರು ಡಿಗ್ರಿಯ ಆಸುಪಾಸು ಏರುತ್ತದೆ. ಅದು ತಣಿಯುವ ಮೊದಲೇ ಮುಂದಿನ ತಿರುವು ಬರುತ್ತದೆ.

ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ ಎಂಬುದನ್ನೂ ನೆನಪಿಡಬೇಕು. ರಸ್ತೆಯ ಮೇಲೆ ವರ್ಷಗಟ್ಟಲೆ ಬಾಳಿದ ಬ್ರೇಕು ಟ್ರ್ಯಾಕಿನಲ್ಲಿ ಅರ್ಧ ಗಂಟೆಗೆ ಕೈಕೊಡುವುದರ ಗುಟ್ಟು ಇಲ್ಲಿದೆ. ಕೈಕೊಡುವುದರಲ್ಲೂ ಎರಡು ವಿಧ. ಕಠಿಣ ಮರಣ: ಪೆಡಲ್ ಗಟ್ಟಿಯಾಗಿಯೇ ಇದೆ, ಎರಡೂ ಕಾಲಿಟ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ, ಇದು ಪ್ಯಾಡ್ ತನ್ನ ಮಿತಿ ಮೀರಿ ಕಾದದ್ದು. ಮೃದು ಮರಣ: ಪೆಡಲ್ ಮೆತ್ತಗಾಗಿ ಸೀದಾ ನೆಲಕ್ಕೆ ಹೋಗುತ್ತದೆ, ಇದು ದ್ರವ ಕುದಿದದ್ದು. ಎರಡರಲ್ಲಿ ಯಾವುದು ಲೇಸೆಂದು ಶಿಷ್ಯರು ಕೇಳುವುದುಂಟು. ಮೊದಲನೆಯದರಲ್ಲಿ ಯೋಚಿಸಲು ಒಂದಿಷ್ಟು ಸಮಯ ಸಿಗುತ್ತದೆ.

ದ್ರವಾಧಿಕರಣ

ಪೂರ್ವಪಕ್ಷ: ದ್ರವ ಯಾರ ಕಣ್ಣಿಗೂ ಬೀಳದು. ಗೆಳೆಯರಿಗೆ ತೋರಿಸಲಾಗದು. ಅದಕ್ಕೆ ಬಣ್ಣವಿಲ್ಲ, ಲೋಗೋ ಇಲ್ಲ, ಇನ್‌ಸ್ಟಾಗ್ರಾಮಿಗೆ ಹಾಕಲು ಯೋಗ್ಯವಲ್ಲ. ಆದ್ದರಿಂದ ಅದನ್ನು ಕಡೆಗೆ ನೋಡಿಕೊಂಡರಾಯಿತು.

ಸಿದ್ಧಾಂತ: ಇದು ಎಲ್ಲಕ್ಕಿಂತ ಅಗ್ಗ, ಆದ್ದರಿಂದ ಎಲ್ಲರೂ ಮರೆಯುವಂಥದು, ಆದ್ದರಿಂದ ಎಲ್ಲಕ್ಕಿಂತ ಮೊದಲು. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಬ್ರೇಕ್ ಆಯಿಲ್ ಎನ್ನುತ್ತಾರೆ, ಆಯಿಲ್ ಅಲ್ಲದಿದ್ದರೂ. ಡಾಟ್ 4 ಎಂಬ ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ನೂರಕ್ಕೆ 3.7ರಷ್ಟು ನೀರು ಸೇರಿದಾಗ ಅದೇ ದ್ರವದಿಂದ ಕೇಳಬಹುದಾದ ಖಾತ್ರಿ 155 ಡಿಗ್ರಿ ಮಾತ್ರ. ಕುದಿದರೆ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಕಾಲಿನ ಬಲವೆಲ್ಲ ಗುಳ್ಳೆ ಅದುಮುವುದರಲ್ಲೇ ಮುಗಿದು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತಲುಪುವುದಿಲ್ಲ. ಸಹವಾಸದೋಷಕ್ಕೆ ಇದಕ್ಕಿಂತ ಶುದ್ಧ ನಿದರ್ಶನ ನೀತಿಗ್ರಂಥಗಳಲ್ಲಿಲ್ಲ. ಮೊಹರು ಒಡೆದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಮುಂದಿನ ವರ್ಷ ಬಳಸುವವರು ಈ ವಾಕ್ಯವನ್ನು ಎರಡು ಸಲ ಓದಬೇಕು.

ಇಲ್ಲಿ ಗೋತ್ರವಿಚಾರ ಬರುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಮೂಲದವು, ಸಗೋತ್ರಗಳು. ಡಾಟ್ 5 ಮಾತ್ರ ಸಿಲಿಕೋನ್. 5ರ ಪಕ್ಕ 5.1 ಕಂಡು ಅಣ್ಣತಮ್ಮಂದಿರೆಂದು ಬಗೆದು ಬೆರೆಸಿದವರು ಕೆಟ್ಟರು. ಮನುಷ್ಯರಲ್ಲಿ ಸಗೋತ್ರ ಸಂಬಂಧ ನಿಷಿದ್ಧ, ಬ್ರೇಕ್ ದ್ರವದಲ್ಲಿ ಅದೊಂದೇ ವಿಹಿತ. ಟ್ರ್ಯಾಕಿಗೆ ಹೋಗುವವರು ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್‌ನಂಥ ರೇಸಿಂಗ್ ದ್ರವ ಹಾಕಿಸುತ್ತಾರೆ: ಹೊಸದರಲ್ಲಿ 320 ಡಿಗ್ರಿ, ತೇವ ಸೇರಿದ ಮೇಲೂ 270. ಡಬ್ಬಿಯ ಬೆಲೆ ಕೇಳಿ ಎದೆ ಹಿಡಿದುಕೊಂಡವರು ಮುಂದೆ ಡಿಸ್ಕಿನ ಬೆಲೆ ಕೇಳಿ ಸಮಾಧಾನ ಹೊಂದುತ್ತಾರೆ.

ಹಳೆಯದನ್ನು ತೆಗೆದು ಹೊಸದನ್ನು ತುಂಬುವ ವಿಧಿಯನ್ನು ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿನಲ್ಲಿ ನಾವು ಪ್ರತ್ಯಕ್ಷ ಕಂಡಿದ್ದೇವೆ. ಕಾರು ಎತ್ತರದಲ್ಲಿ, ಗಾಲಿಗಳು ಗೋಡೆಗೆ ಒರಗಿ. ಮೆಕ್ಯಾನಿಕ್ ಕ್ಯಾಲಿಪರಿನ ಪಕ್ಕ ಕುಕ್ಕರುಗಾಲಲ್ಲಿ. ಹನ್ನೊಂದರ ಸ್ಪ್ಯಾನರು ನಿಪ್ಪಲ್ಲಿನ ಮೇಲೆ, ಅದರಿಂದ ಸಣ್ಣ ಪಾರದರ್ಶಕ ಪೈಪು, ಪೈಪಿನ ತುದಿ ಹಳೆಯ ನೀರಿನ ಬಾಟಲಿಯೊಳಗೆ. ಸೀಟಿನಲ್ಲಿ ಒಬ್ಬ ಹುಡುಗ. ಅವರಿಬ್ಬರ ನಡುವಿನ ಸಂವಾದ ಇಷ್ಟೇ. "ಒತ್ತು." "ಒತ್ತಿದೀನಿ ಅಣ್ಣ." "ಹಿಡ್ಕೋ... ಹಿಡ್ಕೋ... ಬಿಡಬೇಡ ಅಂದ್ನಲ್ಲೋ... ಹ್ಞೂಂ, ಈಗ ಬಿಡು." ಪೂರಕ, ಕುಂಭಕ, ರೇಚಕ ಎಂದು ಯೋಗಶಾಸ್ತ್ರ ಹೇಳುವುದೂ ಇದನ್ನೇ. ಪೈಪಿನಲ್ಲಿ ಕಂದು ದ್ರವ, ಅದರ ನಡುನಡುವೆ ಸಾಸಿವೆ ಗಾತ್ರದ ಗುಳ್ಳೆ, ಬರಬರುತ್ತ ತಿಳಿ ಹಳದಿ. ಕ್ಯಾಲಿಪರಿಗೆ ಒಳಗೊಂದು ಹೊರಗೊಂದು ಎರಡು ನಿಪ್ಪಲ್. ಒಳಗಿನದನ್ನು ಮರೆತರೆ ಇಷ್ಟು ಪ್ರಾಣಾಯಾಮವೂ ವ್ಯರ್ಥ. ಕಾರಿನ ಯಜಮಾನರು ಇದಾವುದನ್ನೂ ನೋಡದೆ ಫೋನಿನಲ್ಲಿ ಕ್ಯಾಲಿಪರ್ ಬಣ್ಣಗಳನ್ನು ನೋಡುತ್ತಿದ್ದರು. ಮೆಕ್ಯಾನಿಕ್ ತಲೆಯೆತ್ತದೆ ಒಂದು ಮಾತು ಹೇಳಿದ: "ಸಾರ್, ಬಣ್ಣ ಆಮೇಲೆ ನೋಡಿ. ಇದು ನೀರಾಗಿತ್ತು." ಇದಕ್ಕೆ ಭಾಷ್ಯ ಬರೆಯುವ ಶಕ್ತಿ ನಮಗಿಲ್ಲ.

ಮತತ್ರಯ

ಈಗ ಪ್ಯಾಡು ಮತ್ತು ಡಿಸ್ಕುಗಳ ಸಂಬಂಧ. ಟ್ರ್ಯಾಕ್ ಇರುವುದು ರಾಮಾನುಜಾಚಾರ್ಯರು ಹುಟ್ಟಿದ ಶ್ರೀಪೆರಂಬದೂರಿನ ಮಗ್ಗುಲಲ್ಲಿ. ಅಲ್ಲಿಗೆ ಹೋಗುವವರು ಶೃಂಗೇರಿ, ಉಡುಪಿ, ಮೇಲುಕೋಟೆ ಮೂರೂ ಇರುವ ನಾಡಿನವರು. ಹೀಗಿರುವಾಗ ಪಿಟ್‌ನಲ್ಲಿ ಟೀ ಕುಡಿಯುತ್ತ ನಡೆಯುವ ಚರ್ಚೆ ತತ್ತ್ವಶಾಸ್ತ್ರಕ್ಕೆ ತಿರುಗದೆ ಇರುವುದು ಹೇಗೆ? ಆಚಾರ್ಯತ್ರಯರ ಕ್ಷಮೆ ಬೇಡಿ ಮೂರು ಮತಗಳನ್ನು ನಿರೂಪಿಸುತ್ತೇವೆ.

ಅದ್ವೈತಿಗಳ ಮತ: ಪ್ಯಾಡ್ ಬೇರೆ, ಡಿಸ್ಕ್ ಬೇರೆ ಎಂಬುದು ಕೇವಲ ತೋರಿಕೆ. ಇದಕ್ಕೆ ನಗಬೇಡಿ, ಎಂಜಿನಿಯರುಗಳೂ ಒಪ್ಪಿರುವ ಮಾತು. ಹೊಸ ಪ್ಯಾಡನ್ನು ಕ್ರಮವಾಗಿ ಕಾಯಿಸಿ ತಣಿಸಿ ಪಳಗಿಸಿದಾಗ ಅದರ ಪದಾರ್ಥವೇ ತೆಳುವಾದ ಪದರವಾಗಿ ಡಿಸ್ಕಿನ ಮೇಲೆ ಕೂರುತ್ತದೆ. ಅಲ್ಲಿಂದ ಮುಂದೆ ಪ್ಯಾಡ್ ಉಜ್ಜುವುದು ಬಹುಮಟ್ಟಿಗೆ ಡಿಸ್ಕನ್ನಲ್ಲ, ತನ್ನನ್ನೇ. ಉಜ್ಜುವುದೂ ಉಜ್ಜಿಸಿಕೊಳ್ಳುವುದೂ ಒಂದೇ ಆದ ಆ ಸ್ಥಿತಿಯಲ್ಲಿ ಪೆಡಲಿಗೆ ಬರುವ ನಿಶ್ಚಲ ಅನುಭವವನ್ನು ಬಲ್ಲವರೇ ಬಲ್ಲರು.

ಪಳಗಿಸುವ ವಿಧಿಯ ಬಗ್ಗೆ ಪಾಠಭೇದಗಳು ವಿಪರೀತ. ಒಂದೊಂದು ಕಂಪನಿಯ ಡಬ್ಬಿಯ ಚೀಟಿಯಲ್ಲಿ ಒಂದೊಂದು ವೇಗ, ಒಂದೊಂದು ಸಂಖ್ಯೆ. ಮೂಲಪಾಠ ಯಾವುದು, ಪ್ರಕ್ಷಿಪ್ತ ಯಾವುದು ಎಂದು ನಿರ್ಣಯಿಸಲು ವಿದ್ವತ್ ಸಮಿತಿಯೇ ಬೇಕು. ಆದರೆ ಒಂದು ವಾಕ್ಯ ಎಲ್ಲ ಪ್ರತಿಗಳಲ್ಲೂ ಇದೆ: ಬಿಸಿಯಿರುವಾಗ ಪೂರ್ತಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಪ್ಯಾಡ್ ಒತ್ತಿದ ಜಾಗದಲ್ಲಿ ಪದರ ದಪ್ಪವಾಗಿ ಅಚ್ಚು ಬೀಳುತ್ತದೆ. ಆಮೇಲೆ ಸ್ಟಿಯರಿಂಗ್ ನಡುಗುತ್ತದೆ. ಯಜಮಾನರು "ಡಿಸ್ಕ್ ಬೆಂಡ್ ಆಗಿದೆ" ಎಂದು ಹೊಸ ಡಿಸ್ಕ್ ತರಿಸುತ್ತಾರೆ. ಬೆಂಡ್ ಆಗಿದೆಯೆಂದು ಗುಜರಿಗೆ ಹೋಗುವ ಡಿಸ್ಕುಗಳಲ್ಲಿ ಬಹುಪಾಲು ಬೆಂಡ್ ಆಗಿರುವುದೇ ಇಲ್ಲ ಎಂದು ರೇಸಿಂಗ್ ಎಂಜಿನಿಯರ್ ಕ್ಯಾರೊಲ್ ಸ್ಮಿತ್ ಬರೆದು ಸಾರಿದ; ಹಗ್ಗವನ್ನು ಹಾವೆಂದು ತಿಳಿಯುವ ಭ್ರಮೆ ಎಂದು ನಮ್ಮವರು ಇದನ್ನು ಮೊದಲೇ ಹೇಳಿದ್ದರು, ಆದರೆ ಡಿಸ್ಕಿಗೆ ಅನ್ವಯಿಸಿರಲಿಲ್ಲ.

ದ್ವೈತಿಗಳ ಮತ: ಭೇದ ಸತ್ಯ. ಪ್ಯಾಡ್ ಪ್ಯಾಡೇ, ಡಿಸ್ಕ್ ಡಿಸ್ಕೇ; ಬಿಲ್ಲಿನಲ್ಲಿ ಎರಡು ಬೇರೆ ಬೇರೆ ಸಾಲುಗಳಿರುವುದೇ ಪ್ರಮಾಣ. ತಣ್ಣಗಿರುವ ರೇಸಿಂಗ್ ಪ್ಯಾಡ್ ಡಿಸ್ಕನ್ನು ಅರದಂತೆ ಕೆರೆದು ತಿನ್ನುವುದನ್ನು ಯಾರು ಬೇಕಾದರೂ ಕಾಣಬಹುದು, ತಿನ್ನುವವನೂ ತಿನ್ನಿಸಿಕೊಳ್ಳುವವನೂ ಒಂದೇ ಎನ್ನುವುದು ಸಾಹಸ. ಇವರಲ್ಲಿ ತಾರತಮ್ಯವೂ ಇದೆ. ಪ್ಯಾಡಿನ ಅಂಚಿನಲ್ಲಿ ಎರಡು ರೋಮನ್ ಅಕ್ಷರಗಳನ್ನು ಅಚ್ಚು ಹಾಕಿರುತ್ತಾರೆ, ಬೀಜಾಕ್ಷರಗಳ ಹಾಗೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಚೆನ್ನಾಗಿ ಕಾದಾಗಿನದು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.45ರವರೆಗೆ, ಜಿ ಎಂದರೆ 0.55ರವರೆಗೆ. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಅದು ಕಷ್ಟಕಾಲಕ್ಕಾಗದ ನೆಂಟ. ಆದರೆ ಅಕ್ಷರವೊಂದನ್ನೇ ನಂಬುವಂತಿಲ್ಲ. ಆ ಪರೀಕ್ಷೆ ಪ್ಯಾಡಿನ ಸಣ್ಣ ಚೂರಿನ ಮೇಲೆ ನಡೆಯುವಂಥದು, ಟ್ರ್ಯಾಕಿನ 600 ಡಿಗ್ರಿಯನ್ನು ಅದು ನೋಡಿರುವುದಿಲ್ಲ.

ವಿಶಿಷ್ಟಾದ್ವೈತಿಗಳದು ಮನೆ ನಡೆಸುವವರ ದೃಷ್ಟಿ. ಟೈರು, ದ್ರವ, ಪ್ಯಾಡು, ಡಿಸ್ಕು, ಗಾಳಿಯ ನಾಳ ಇವೆಲ್ಲ ಬೇರೆಬೇರೆಯೇ, ಆದರೆ ಎಲ್ಲ ಒಂದೇ ಶರೀರದ ಅಂಗಗಳು. ಒಂದನ್ನು ಉಬ್ಬಿಸಿ ಇನ್ನೊಂದನ್ನು ಉಪವಾಸ ಕೆಡವಿದರೆ ಶರೀರ ನಿಲ್ಲದು. ಗ್ರಂಥಕರ್ತರ ಒಲವು ಈ ಕಡೆ. ಟ್ರ್ಯಾಕ್ ಇರುವ ಊರಿನ ಪ್ರಭಾವವಿದ್ದರೂ ಇರಬಹುದು.

ವರ್ಣಾಧಿಕರಣ

ಶಾಸ್ತ್ರದಲ್ಲಿ ಕಡೆಯದು, ಲೋಕದಲ್ಲಿ ಮೊದಲನೆಯದು ಕ್ಯಾಲಿಪರಿನ ಬಣ್ಣ. 718ರ ಮನೆತನದಲ್ಲಿ ಸಾದಾ ಮಾದರಿಗೆ ಕಪ್ಪು ಕ್ಯಾಲಿಪರ್, ಎಸ್ ಮಾದರಿಗೆ ಕೆಂಪು, ಸೆರಾಮಿಕ್ ಡಿಸ್ಕ್ ಹಾಕಿಸಿಕೊಂಡವರಿಗೆ ಹಳದಿ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವನು ಗಾಲಿಯ ಕಡ್ಡಿಗಳ ಸಂದಿಯಲ್ಲಿ ಇಣುಕಿ ಎದುರಿನವನ ಆರ್ಥಿಕ ಸ್ಥಿತಿ ಓದಿಬಿಡುತ್ತಾನೆ. ಕಪ್ಪಿನವರು ಪೇಟೆಯಲ್ಲಿ ಬಣ್ಣ ಹಚ್ಚಿಸಿಕೊಂಡು ಕೆಂಪಿನವರಾಗುವುದೂ ಉಂಟು. ಜಾತಕ ತಿದ್ದಿಸುವುದು ಹೊಸದೇನಲ್ಲ.

ಗೊಂದಲ ಹುಟ್ಟುವುದು ಪ್ಯಾಡಿನವರೂ ಬಣ್ಣ ಹಿಡಿದುಕೊಂಡದ್ದರಿಂದ. ಇಬಿಸಿ ಕಂಪನಿಯ ಯೆಲ್ಲೋಸ್ಟಫ್ ರಸ್ತೆಗೂ ಟ್ರ್ಯಾಕಿಗೂ ನಡುವೆ ಕಾಲಿಟ್ಟು ನಿಂತ ಪ್ಯಾಡು. ಪೋರ್ಷೆ ಮಂದಿ ಪಾಗಿಡ್ ಹಳದಿ ಎಂದು ಬಾಯಿ ತುಂಬ ಹೇಳುವುದು ಗಂಟೆಗಟ್ಟಲೆ ಓಡುವ ರೇಸುಗಳ ಪ್ಯಾಡು. ಕ್ಯಾಲಿಪರಿನ ಹಳದಿ ಮೂರನೆಯದು, ಮೊದಲೆರಡಕ್ಕೆ ನೆಂಟಸ್ತಿಕೆಯೇ ಇಲ್ಲ. "ಹಳದಿ ಹಾಕಿಸು" ಎಂದು ಜೆ.ಸಿ. ರಸ್ತೆಗೆ ಹುಡುಗನನ್ನು ಅಟ್ಟಿದವರು ಅವನು ತಂದದ್ದನ್ನು ಸ್ವೀಕರಿಸಬೇಕು.

ಸೆರಾಮಿಕ್ ಡಿಸ್ಕಿನ ಬಗ್ಗೆ ಒಂದು ಮಾತು. ಪೋರ್ಷೆ ಅದನ್ನು 2001ರಲ್ಲಿ 911 ಜಿಟಿ2 ಕಾರಿನಲ್ಲಿ ತಂದಿತು. ಕಬ್ಬಿಣದ ಡಿಸ್ಕಿಗಿಂತ ಅರ್ಧದಷ್ಟೇ ತೂಕ, ತುಕ್ಕಿಲ್ಲ, ಗಾಲಿಗೆ ಕಪ್ಪು ಧೂಳಿಲ್ಲ, ಬೀದಿಯಲ್ಲಿ ಬಹುಕಾಲ ಬಾಳುತ್ತದೆ. ಇಷ್ಟೆಲ್ಲ ಗುಣವಿದ್ದೂ ಟ್ರ್ಯಾಕಿಗೆ ಮೇಲಿಂದ ಮೇಲೆ ಹೋಗುವ ಅನೇಕರು ಅದನ್ನು ಬಿಚ್ಚಿ, ಬಟ್ಟೆ ಸುತ್ತಿ, ಅಟ್ಟದ ಮೇಲಿಟ್ಟು, ಕಬ್ಬಿಣ ಹಾಕಿಸಿಕೊಳ್ಳುತ್ತಾರೆ. ಕಬ್ಬಿಣ ಸವೆದರೆ ಸಾವಿರಗಳ ಮಾತು, ಸೆರಾಮಿಕ್ ಸವೆದರೆ ಲಕ್ಷಗಳ ಮಾತು. ಒಡವೆ ಲಾಕರಿನಲ್ಲಿಟ್ಟು ಗಿಲೀಟು ಹಾಕಿಕೊಂಡು ಜಾತ್ರೆಗೆ ಹೋಗುವ ವಿವೇಕವಿದು, ಇದನ್ನು ಶಾಸ್ತ್ರ ಮನಸಾರೆ ಒಪ್ಪುತ್ತದೆ.

ಎಡಬಲ ವಿಚಾರ

ಡಿಸ್ಕು ಒಂದೇ ತಟ್ಟೆಯಲ್ಲ. ಎರಡು ತಟ್ಟೆಗಳ ನಡುವೆ ಬಾಗಿದ ರೆಕ್ಕೆಗಳು. ತಿರುಗುವಾಗ ನಡುವಿನಿಂದ ಗಾಳಿ ಸೆಳೆದು ಅಂಚಿನಿಂದ ಹೊರಗೆ ಎಸೆಯುತ್ತವೆ. ಆದ್ದರಿಂದ ಇಂಥ ಡಿಸ್ಕುಗಳಲ್ಲಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಇಲ್ಲಿ ಲೋಕದ ತರ್ಕ ತಪ್ಪುವುದೇ ಹೆಚ್ಚು. ರೆಕ್ಕೆ ಗಾಳಿಯನ್ನು ಗೋರುವಂತೆ ಮುಂದಕ್ಕೆ ಬಾಗಿರಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಸರಿಯಾದದ್ದು ಅದರ ತದ್ವಿರುದ್ಧ: ಒಳಗಿನಿಂದ ಅಂಚಿಗೆ ಹೋಗುತ್ತ ರೆಕ್ಕೆ ತಿರುಗುವ ದಿಕ್ಕಿಗೆ ಬೆನ್ನು ಹಾಕಿ ಹಿಂದಕ್ಕೆ ಬಾಗಬೇಕು. ಮೇಲಿನ ತೂತು ಗೀರುಗಳ ವಿನ್ಯಾಸ ನೋಡಿ ಎಡಬಲ ತೀರ್ಮಾನಿಸುವವರು ಕವಚ ನೋಡಿ ಪುಸ್ತಕ ವಿಮರ್ಶೆ ಬರೆಯುವ ಗುಂಪಿನವರು. ವಾಮಾಚಾರ ದಕ್ಷಿಣಾಚಾರಗಳನ್ನು ಅದಲು ಬದಲು ಮಾಡಿದರೆ ತಂತ್ರಶಾಸ್ತ್ರದಲ್ಲಿ ಏನಾಗುತ್ತದೋ ತಿಳಿಯದು. ಇಲ್ಲಿ ಡಿಸ್ಕ್ ಬಿಸಿಯನ್ನು ಬಿಟ್ಟುಕೊಡುವುದಿಲ್ಲ.

ತೂತಿನ ಡಿಸ್ಕು, ಗೀರಿನ ಡಿಸ್ಕು, ಬೋಳು ಡಿಸ್ಕು ಎಂಬ ತ್ರಿಪುಟಿಯ ವಿಚಾರದಲ್ಲಿ ನಾವು ಹೆಚ್ಚು ಹೇಳುವುದಿಲ್ಲ. ತೂತು ಚೆಂದ, ಮಳೆಯಲ್ಲಿ ಉಪಕಾರಿ, ಆದರೆ ಟ್ರ್ಯಾಕಿನ ಬಿಸಿತಂಪಿನ ಹೊಯ್ದಾಟಕ್ಕೆ ಬಿರುಕು ಶುರುವಾಗುವುದು ತೂತಿನ ಅಂಚಿನಿಂದಲೇ. ಒಂದು ಪರೀಕ್ಷೆ ಇದೆ. ಡಿಸ್ಕ್ ತಣ್ಣಗಾದ ಮೇಲೆ, ಪೂರ್ತಿ ತಣ್ಣಗಾದ ಮೇಲೆ, ಹೆಬ್ಬೆರಳಿನ ಉಗುರನ್ನು ತೂತಿನಿಂದ ತೂತಿಗೆ ನಿಧಾನವಾಗಿ ಎಳೆಯಬೇಕು. ಕೂದಲೆಳೆಯಂಥ ಗೆರೆ ಕಣ್ಣಿಗೆ ಕಂಡೂ ಉಗುರಿಗೆ ತಿಳಿಯದಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಉಗುರು ತಡೆದರೆ, ಅಥವಾ ಗೆರೆ ಒಂದು ತೂತಿನಿಂದ ಹೊರಟು ಇನ್ನೊಂದನ್ನು ಮುಟ್ಟಿದ್ದರೆ, ಇಲ್ಲವೇ ಅಂಚಿಗೆ ಬಂದಿದ್ದರೆ, ಆ ಡಿಸ್ಕು ಸಂನ್ಯಾಸಕ್ಕೆ ಸಿದ್ಧ. ಗೋಡೆ ಗಡಿಯಾರ ಮಾಡಿಸಿ ಮನೆಯಲ್ಲಿ ತೂಗುಹಾಕಿದವರಿದ್ದಾರೆ.

ಮಹಾಬ್ರೇಕ್ ಪೂರ್ವಪಕ್ಷ

ಆರು ಪಿಸ್ಟನ್ನಿನ, ಊಟದ ತಟ್ಟೆಗಿಂತ ದೊಡ್ಡ ಡಿಸ್ಕಿನ, ಪೆಟ್ಟಿಗೆ ಸಮೇತ ಬರುವ ಬಿಗ್ ಬ್ರೇಕ್ ಕಿಟ್ ಒಂದು ಹಾಕಿಸಿದರೆ ಸಾಕು, ಉಳಿದ ಶಾಸ್ತ್ರವೆಲ್ಲ ಬೇಡ ಎನ್ನುವವರಿದ್ದಾರೆ. ಇವರು ಚಾರ್ವಾಕರು, ಸಾಲ ಮಾಡಿಯಾದರೂ ಎಂಬುದು ಇವರ ಪದ್ಧತಿಯಲ್ಲಿ ಮೊದಲಿಂದಲೂ ಇದೆ. ಅವರಿಗೆ ಒಂದೇ ಪ್ರಶ್ನೆ. ಈಗಿರುವ ಬ್ರೇಕನ್ನು ಬಲವಾಗಿ ಒತ್ತಿದರೆ ಎಬಿಎಸ್ ಗಡಗಡ ಎನ್ನುತ್ತದೆಯೇ? ಎನ್ನುತ್ತದೆ ಎಂದಾದರೆ ಟೈರಿನ ಹಿಡಿತ ಆಗಲೇ ಮುಗಿದಿದೆ. ಅದರ ಮೇಲೆ ಆರಲ್ಲ ಹನ್ನೆರಡು ಪಿಸ್ಟನ್ ಕೂರಿಸಿದರೂ ಕಾರು ಒಂದಡಿ ಮುಂಚೆ ನಿಲ್ಲದು. ದೊಡ್ಡ ಡಿಸ್ಕಿನ ನಿಜವಾದ ಗುಣ ಬಿಸಿಯನ್ನು ಹೆಚ್ಚು ನುಂಗುವುದು. ಹತ್ತನೆಯ ಸುತ್ತಿನಲ್ಲೂ ಮೊದಲನೆಯ ಸುತ್ತಿನಂತೆ ನಿಲ್ಲಿಸುತ್ತದೆಯೇ ಹೊರತು ಮೊದಲನೆಯ ಸುತ್ತನ್ನೇ ಸುಧಾರಿಸುವುದಿಲ್ಲ. ಮುಂದಿನ ಪಿಸ್ಟನ್ ಮಾತ್ರ ಹಿಗ್ಗಿಸಿದರೆ ಮುಂದುಹಿಂದಿನ ಹಂಚಿಕೆ ಕೆಟ್ಟು ಹಿಂದಿನ ಬ್ರೇಕು ಸಂಬಳ ತೆಗೆದುಕೊಂಡು ಸುಮ್ಮನೆ ಕೂರುತ್ತದೆ, ಪೆಡಲ್ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಕಡೆಗೆ, ಕಿಟ್ ಬಂದ ದಿನ ಕ್ಯಾಲಿಪರಿಗೆ ಗಾಲಿ ತಾಗುತ್ತದೆಂದು ಗೊತ್ತಾಗುತ್ತದೆ. ಹೊಸ ಗಾಲಿ, ಆ ಗಾಲಿಗೆ ಹೊಸ ಟೈರು. ಇಲಿ ಹಿಡಿಯಲು ಬೆಕ್ಕು, ಬೆಕ್ಕಿಗೆ ಹಾಲು, ಹಾಲಿಗೆ ಹಸು ಸಾಕಿದ ಸಂನ್ಯಾಸಿಯ ಕಥೆ ಗೊತ್ತಿಲ್ಲದವರು ಗಾಲಿ ಅಂಗಡಿಯಲ್ಲಿ ಕೇಳಬಹುದು.

ಹಾಗಾದರೆ ಕ್ರಮ ಯಾವುದು? ಮೊದಲು ದ್ರವ. ಅದರೊಡನೆ ಪ್ಯಾಡು. ಆಮೇಲೂ ಬಿಸಿ ತಡೆಯದಿದ್ದರೆ ಮುಂದಿನ ಬಂಪರಿನಿಂದ ಡಿಸ್ಕಿನ ನಡುವಿಗೆ ಗಾಳಿಯ ನಾಳ. ಡಿಸ್ಕ್ ತಾನಾಗಿ ಸತ್ತಾಗ ಒಳ್ಳೆಯ ಡಿಸ್ಕು. ಕಿಟ್ಟು ಎಲ್ಲಕ್ಕಿಂತ ಕೊನೆಗೆ, ಅದೂ ಇಷ್ಟೆಲ್ಲ ಮಾಡಿಯೂ ಸೋತವರಿಗೆ. ಲೋಕರೂಢಿ ಇದನ್ನೇ ಕೆಳಗಿನಿಂದ ಮೇಲಕ್ಕೆ ಓದುತ್ತದೆ: ಮೊದಲು ಕಿಟ್ಟು, ಕಡೆಗೆ, ದುಡ್ಡು ಉಳಿದಿದ್ದರೆ, ದ್ರವ. ಸಂಸ್ಕೃತಿ ಮತ್ತು ಕ್ರೆಡಿಟ್ ಕಾರ್ಡು ಎರಡೂ ರೂಢಿಯ ಪರವಾಗಿರುವುದರಿಂದ ಗ್ರಂಥಕರ್ತರ ಮಾತು ನಡೆಯುವ ಭರವಸೆಯಿಲ್ಲ.

ಆಚಾರಕಾಂಡ

ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ಮೆಲ್ಲಗೆ ಓಡಿಸಿ ಗಾಳಿಯಲ್ಲಿ ತಣಿಸಬೇಕು. ಪಿಟ್ಟಿಗೆ ಬಂದು ನಿಂತ ಮೇಲೆ ಪೆಡಲಿನ ಮೇಲಿಂದ ಕಾಲು ತೆಗೆಯಬೇಕು. ಹ್ಯಾಂಡ್‌ಬ್ರೇಕ್ ಎಳೆಯಬಾರದು; ಗಾಲಿಗೆ ಇಟ್ಟಿಗೆ ಕೊಡಬೇಕು. ಈ ಮೂರನೆಯ ವಿಧಿಯ ಮೇಲೆ ದೊಡ್ಡ ಚರ್ಚೆಯಿದೆ. ಹ್ಯಾಂಡ್‌ಬ್ರೇಕ್ ಹಿಂದಿನ ಪ್ಯಾಡನ್ನೇ ಒತ್ತುವ ಕಾರುಗಳಲ್ಲಿ ನಿಷೇಧ ಸರಿ, ಅಚ್ಚು ಬೀಳುತ್ತದೆ. ಆದರೆ 718ರಲ್ಲಿ ಪಾರ್ಕಿಂಗ್ ಬ್ರೇಕ್ ಪ್ಯಾಡನ್ನು ಮುಟ್ಟುವುದೇ ಇಲ್ಲ. ಹಿಂದಿನ ಡಿಸ್ಕಿನ ಟೊಪ್ಪಿಗೆಯ ಒಳಗೆ, ಯಾರಿಗೂ ಕಾಣದ ಕತ್ತಲಲ್ಲಿ, ಪುಟ್ಟದೊಂದು ಡ್ರಮ್ ಬ್ರೇಕಿದೆ. 1953ರಲ್ಲಿ ಸೋತು ವನವಾಸಕ್ಕೆ ಹೋಯಿತೆಂದು ಎಲ್ಲರೂ ಬರೆದ ಅದೇ ಡ್ರಮ್ಮು. ಗೆದ್ದವನ ಹೊಟ್ಟೆಯೊಳಗೇ ಕೂತು, ಅವನು ನಿದ್ದೆ ಮಾಡುವಾಗ ಕಾರನ್ನು ಹಿಡಿದು ನಿಲ್ಲಿಸುತ್ತಿದೆ. ಅಂತರ್ಯಾಮಿ ಎಂಬುದನ್ನು ಪಾಠ ಹೇಳುವವರು ಮುಂದೆ ಈ ಡಿಸ್ಕನ್ನು ತರಗತಿಗೆ ತೆಗೆದುಕೊಂಡು ಹೋಗಬಹುದು, ಎರಡು ಕೈಯಲ್ಲಿ ಎತ್ತುವಷ್ಟು ತ್ರಾಣವಿದ್ದರೆ. ನಿಷೇಧವೋ ಅಲ್ಲವೋ? ಆ ಡ್ರಮ್ಮೂ ಕಾದಿರುತ್ತದೆ, ಇಟ್ಟಿಗೆ ಪುಕ್ಕಟೆ ಸಿಗುತ್ತದೆ. ಇಟ್ಟಿಗೆಯೇ ಇರಲಿ.

ಉಳಿದದ್ದು ವಾಪಸು ದಾರಿ. ರೇಸಿಂಗ್ ಪ್ಯಾಡ್ ಹಾಕಿಕೊಂಡ ಕಾರು ಟ್ರ್ಯಾಕಿನಲ್ಲಿ ಮೌನಿ. ತಣ್ಣಗಾಗಿ ಊರ ರಸ್ತೆಗೆ ಬಿದ್ದಾಗ ಮೊದಲ ಒತ್ತಿಗೆ ಹಿಡಿತ ಕಡಿಮೆ, ಆರ್ಭಟ ಜಾಸ್ತಿ. ಗಡಸು ಪ್ಯಾಡು ಡಿಸ್ಕಿನ ಮೇಲೆ ಅಂಟಿ ಜಾರಿ ಕಂಪಿಸುವುದರಿಂದ ಏಳುವ ಸದ್ದು. ಲ್ಯಾಂಚೆಸ್ಟರನ ಆತ್ಮಕ್ಕೆ ಶಾಂತಿ ಸಿಗುವಂಥದು. ಪ್ಯಾಡ್ ಬದಲಿಸಿಕೊಂಡೇ ಹೊರಡಬೇಕೆಂದು ಕರ್ಮಠರು ಹೇಳುತ್ತಾರೆ. ಬಿಸಿಲಿನಲ್ಲಿ ದಿನವಿಡೀ ಬೆಂದವರು ಯಾರೂ ಬದಲಿಸುವುದಿಲ್ಲ. ವೆಲ್ಲೂರಿನಿಂದ ಈಚೆಗಿನ ಟೋಲ್ ಕಟ್ಟೆಗಳಲ್ಲಿ ಜನ ತಿರುಗಿ ನೋಡುತ್ತಾರೆ, ನಾಯಿಗಳು ಎದ್ದು ನಿಲ್ಲುತ್ತವೆ. ಪ್ರಮಾಣಗಳಲ್ಲಿ ಶಬ್ದಪ್ರಮಾಣ ಬಲವಾದದ್ದು, ಆದರೆ ಅದು ಎಲ್ಲ ಕಡೆ ಒಂದೇ ಅರ್ಥ ಕೊಡದು. ಮನೆಬಳಕೆಯ ಕಾರಿನ ಪ್ಯಾಡಿಗೆ ತೆಳುವಾದ ಲೋಹದ ನಾಲಗೆಯೊಂದು ಇರುತ್ತದೆ. ಪ್ಯಾಡ್ ಸವೆದು ಮುಗಿಯುತ್ತ ಬಂದಾಗ ಅದು ಡಿಸ್ಕಿಗೆ ತಾಗಿ ಕಿರುಚಿ ಎಚ್ಚರಿಸುತ್ತದೆ. ಹೀಗಾಗಿ ಕಿರುಚುವ ಕಾರಿನ ಪ್ಯಾಡ್ ಮುಗಿದಿದೆ ಎಂಬುದು ಲೋಕದ ವ್ಯಾಪ್ತಿಜ್ಞಾನ. ಕಿರುಚಾಟ ಮುಗಿದ ಪ್ಯಾಡಿನಲ್ಲೂ ಇದೆ, ನಿನ್ನೆ ಹಾಕಿಸಿದ ರೇಸಿಂಗ್ ಪ್ಯಾಡಿನಲ್ಲೂ ಇದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಸವ್ಯಭಿಚಾರ ಹೇತ್ವಾಭಾಸ ಎಂದು ಹೆಸರು.

ರಾತ್ರಿ ಹತ್ತರ ಹೊತ್ತಿಗೆ ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಆ ಕಾರು ಕೀರ್ರೆಂದು ನಿಲ್ಲುತ್ತದೆ. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, ಕೆಂಪು ಕ್ಯಾಲಿಪರನ್ನು ಒಮ್ಮೆ ನೋಡಿ, ಓಡಿಸುವವನನ್ನು ಒಮ್ಮೆ ನೋಡಿ, ನಿಜವಾದ ಕಾಳಜಿಯಿಂದಲೇ ಹೇಳುತ್ತಾನೆ: "ಗುರೂ, ಪ್ಯಾಡ್ ಹೋಗ್ಬಿಟ್ಟಿದೆ. ಹಾಕ್ಸ್‌ಕೊಳ್ಳಿ, ನಾನೂರು ರೂಪಾಯಿ ಅಷ್ಟೇ." ಇದಕ್ಕೆ ಸವ್ಯಭಿಚಾರ ಹೇತುವಿನ ವಿವರಣೆ ಕೊಡುವಷ್ಟು ಹೊತ್ತು ಸಿಗ್ನಲ್ ಇರುವುದಿಲ್ಲ. ಈ ಸಂದರ್ಭದಲ್ಲಿ ಏನು ಮಾಡಬೇಕೆಂಬುದರಲ್ಲಿ ಮಾತ್ರ ಮೂರೂ ಮತದವರಿಗೆ ಭಿನ್ನಾಭಿಪ್ರಾಯವಿಲ್ಲ: "ಹೌದಾ? ಥ್ಯಾಂಕ್ಸ್ ಗುರೂ" ಎಂದು ಗಾಜು ಏರಿಸುವುದು.